ಎರಡು ತಾಸಿನ ಕೆಲಸ: ಧಾರವಾಡದ ಒಂದು ಕಾಲೇಜ್ ಲೈಬ್ರರಿಯ ಪ್ರಕರಣ

ನವೆಂಬರ್ ಮೊದಲ ವಾರ. ಬಿ.ಕಾಂ. ಐದನೇ ಸೆಮಿಸ್ಟರ್‌ನ ಶಾರ್ಟೇಜ್ ಲಿಸ್ಟ್, ಅಂದರೆ ಹಾಜರಿ ಕಮ್ಮಿ ಬಿದ್ದವರ ಪಟ್ಟಿ, ಮಾಡುತ್ತ ಕೂತಿದ್ದೆ. ನನ್ನ ವಿಷಯ ಕಾಸ್ಟ್ ಅಕೌಂಟಿಂಗ್. ಅಲ್ಲಿಯವರೆಗೆ ನಡೆದ ಕ್ಲಾಸು 48. ಒಂದು ಹೆಸರಿನ ಮುಂದೆ 31 ಅಂತ ಬಂತು. ಮತ್ತೊಮ್ಮೆ ಎಣಿಸಿದೆ. 31 ಹೌದು. ಶೇಕಡಾ 64 ಚಿಲ್ಲರೆ.

ಈ ಹುಡುಗಿ ಕ್ಲಾಸು ತಪ್ಪಿಸಿ ಕ್ಯಾಂಟೀನಿನಲ್ಲಿ ಕೂರುವವಳಲ್ಲ. ದಿನಾ ಕಾಲೇಜಿಗೆ ಬರುತ್ತಾಳೆ. ನಾನು ಮಧ್ಯಾಹ್ನ ಎರಡಕ್ಕೆ ಪಾಠ ಶುರು ಮಾಡುವಾಗ ಅವಳು ನೂರು ಹೆಜ್ಜೆ ಆಚೆ, ಅದೇ ಕಂಪೌಂಡಿನ ಒಳಗೆ, ಲೈಬ್ರರಿಯಲ್ಲಿ ಪುಸ್ತಕ ಜೋಡಿಸುತ್ತಿದ್ದಳು. ಅವಳನ್ನು ಆ ಕೆಲಸಕ್ಕೆ ಹಚ್ಚಿದವನೂ ನಾನೇ.

ಅವಳ ಹೆಸರು, ಕಾಲೇಜಿನ ಹೆಸರು ಇಲ್ಲಿ ಬೇಡ. ಬರೆಯುತ್ತೇನೆ ಅಂತ ಅವಳಿಗೆ ಹೇಳಿದ್ದೇನೆ. "ಬರೀರಿ ಸರ್, ಲೆಕ್ಕ ಮಾತ್ರ ಸರಿ ಬರೀರಿ" ಅಂದಳು.

ಶುರುವಾಗಿದ್ದು ಹೇಗೆ

ಅವಳ ಊರು ಗದಗ ಜಿಲ್ಲೆಯ ರೋಣ ತಾಲ್ಲೂಕಿನ ಒಂದು ಹಳ್ಳಿ. ಕಪ್ಪು ಮಣ್ಣಿನ ಮೂರು ಎಕರೆ. ಮುಂಗಾರಿಗೆ ಹೆಸರು, ಹಿಂಗಾರಿಗೆ ಕಡಲೆ ಇಲ್ಲವೇ ಬಿಳಿಜೋಳ. ಹಾಸ್ಟೆಲ್ಲಿಗೆ ಅರ್ಜಿ ಹಾಕಿದ್ದಳು, ಲಿಸ್ಟಿನಲ್ಲಿ ಹೆಸರು ಬರಲಿಲ್ಲ. ಹಳೇ ಹುಬ್ಬಳ್ಳಿಯಲ್ಲಿರುವ ಚಿಗವ್ವನ ಮನೆಯಲ್ಲಿ ಉಳಿದಳು. ಚಿಗವ್ವ ಖಾನಾವಳಿಗಳಿಗೆ ರೊಟ್ಟಿ ಬಡಿದು ಕೊಡುತ್ತಾರೆ. ಬೆಳಗಿನ ಐದಕ್ಕೆ ಒಲೆ ಹತ್ತುತ್ತದೆ. ಹುಡುಗಿ ಆರೂವರೆಯವರೆಗೆ ಅಲ್ಲಿ ಕೈ ಹಾಕುತ್ತಾಳೆ. ಮನೆಯಲ್ಲಿ ಇರುವುದಕ್ಕೆ ಅದೇ ಬಾಡಿಗೆ ಅಂದುಕೊಳ್ಳಿ. ಅದನ್ನು ಯಾರೂ ಬಾಯಿ ಬಿಟ್ಟು ಬಾಡಿಗೆ ಅನ್ನುವುದಿಲ್ಲ, ಅಷ್ಟೇ.

ಆಮೇಲೆ ಹುಬ್ಬಳ್ಳಿಯಿಂದ ಧಾರವಾಡಕ್ಕೆ ಬಸ್ಸು, ಸುಮಾರು 22 ಕಿಲೋಮೀಟರು. ಕೆಂಪು ಬಸ್ಸಿನಲ್ಲಿ ಶಕ್ತಿ ಯೋಜನೆ ಇದೆ, ಹೆಣ್ಣುಮಕ್ಕಳಿಗೆ ಟಿಕೆಟ್ಟಿಗೆ ರೊಕ್ಕ ಇಲ್ಲ. ಆದರೆ ಅದು ನಿಂತು ನಿಂತು ಬರುತ್ತದೆ. ಚಿಗರಿ ಎಸಿ ಬಸ್ಸು, ತನ್ನದೇ ದಾರಿಯಲ್ಲಿ ಜಿಂಕೆ ಥರ ಹೋಗುತ್ತದೆ, ಹೆಸರಿಗೆ ತಕ್ಕ ಹಾಗೆ. ಅದಕ್ಕೆ ದುಡ್ಡು ಕೊಡಬೇಕು. ಬಸ್ ಸ್ಟ್ಯಾಂಡಿನಲ್ಲಿ ನಿಂತು ಅವಳು ದಿನಾ ಒಂದು ಲೆಕ್ಕ ಹಾಕಬೇಕು: ಇವತ್ತು ರೊಕ್ಕ ಉಳಿಸಲೋ, ಟೈಮ್ ಉಳಿಸಲೋ?

ಜುಲೈ ಕೊನೆಗೆ ಸ್ಟಾಫ್ ರೂಮಿನ ಬಾಗಿಲಿಗೆ ಬಂದು ನಿಂತಳು.

"ಸರ್ರ, ಕಾಲೇಜಿನೊಳಗ ಏನರ ಕೆಲಸ ಐತೇನ್ರಿ? ಹೊರಗ ಮಾಡಾಕ ಮನ್ಯಾಗ ಬ್ಯಾಡ ಅಂತಾರ್ರಿ."

ಹೊರಗೆ ಕೆಲಸ ಇರಲಿಲ್ಲ ಅಂತಲ್ಲ. ದುರ್ಗದ ಬೈಲ್ ಕಡೆ ಸೀರೆ ಅಂಗಡಿಯೊಂದರಲ್ಲಿ ಕೇಳಿದ್ದಳು. ಪಗಾರ ಜಾಸ್ತಿ, ಆದರೆ ರಾತ್ರಿ ಒಂಬತ್ತರವರೆಗೆ ನಿಲ್ಲಬೇಕು. ಹುಡುಗರಿಗಾದರೆ ದಾರಿ ಬಹಳ. ಮದುವೆ ಸೀಜನ್ನಿನಲ್ಲಿ ಕ್ಯಾಟರಿಂಗ್, ಬೈಕ್ ಇದ್ದರೆ ಡೆಲಿವರಿ, ಸಪ್ತಾಪುರದ ರೀಡಿಂಗ್ ರೂಮುಗಳಲ್ಲಿ ರಾತ್ರಿ ಕಾವಲು. ಹೆಣ್ಣುಮಕ್ಕಳಿಗೆ ಮನೆಯವರು ಒಪ್ಪುವುದು ಕ್ಯಾಂಪಸ್ಸಿನ ಒಳಗಿನ ಕೆಲಸ ಮಾತ್ರ. "ಕಾಲೇಜಿನಾಗ ಅದಾಳ" ಅಂದರೆ ಸಾಕು, ಯಾರೂ ಮುಂದೆ ಕೇಳುವುದಿಲ್ಲ. ಪಗಾರ ಕಡಿಮೆ ಇದ್ದರೂ ಈ ಕೆಲಸಕ್ಕೆ ಬೆಲೆ ಇರುವುದು ಅದಕ್ಕೇ. ಎಲ್ಲರೂ ಕಣ್ಣು ಮುಚ್ಚಿ ನಂಬುವುದೂ ಅದಕ್ಕೇ.

ನಾನು ಲೈಬ್ರರಿಯನ್ ಮೇಡಂ ಹತ್ತಿರ ಮಾತಾಡಿದೆ. ಅವರ ಕೈಕೆಳಗಿನ ಎರಡು ಹುದ್ದೆ ಖಾಲಿ ಬಿದ್ದು ವರ್ಷಗಳಾಗಿದ್ದವು. ಪ್ರಿನ್ಸಿಪಾಲರು ವಿದ್ಯಾರ್ಥಿ ಸಹಾಯಕಿ ಅಂತ ಒಪ್ಪಿಗೆ ಕೊಟ್ಟರು. ಸಂಜೆ ನಾಲ್ಕರಿಂದ ಆರು, ದಿನಕ್ಕೆ ಎರಡು ತಾಸು, ತಾಸಿಗೆ 50 ರೂಪಾಯಿ. ತಿಂಗಳಿಗೆ ಹೆಚ್ಚೆಂದರೆ 48 ತಾಸು, ಅಂದರೆ 2,400. ಆದೇಶದ ಹಾಳೆ ಇದ್ದದ್ದು ಒಂದೇ, ಅದು ಆಫೀಸಿನ ಫೈಲಿನಲ್ಲಿ. ಹುಡುಗಿಯ ಕೈಗೆ ಒಂದು ಕಾಪಿ ಕೊಡಬೇಕು ಅಂತ ನನಗೂ ಹೊಳೆಯಲಿಲ್ಲ.

"ಅಲ್ಲೇ ಕೂತು ಓದಿದಂಗೂ ಆಗ್ತದವಾ" ಅಂತ ಹೇಳಿ ಕಳಿಸಿದೆ. ಲೈಬ್ರರಿಯಲ್ಲಿ ಕೆಲಸ ಮಾಡುವವರಿಗೆ ಓದಲು ಟೈಮ್ ಇರುತ್ತದೆ ಅಂತ ಅಂದುಕೊಂಡಿದ್ದೆ. ಲೈಬ್ರರಿಯಲ್ಲಿ ಕೆಲಸ ಮಾಡದವರ ಕಲ್ಪನೆ ಅದು.

ದಶಾಂಶದ ಚುಕ್ಕೆ

ಮೊದಲ ವಾರ ಅವಳು ಒಂದು ಇಡೀ ಸಾಲನ್ನು ತಪ್ಪಾಗಿ ಜೋಡಿಸಿದಳು. ಲೈಬ್ರರಿಯಲ್ಲಿ ವಿಷಯಕ್ಕೊಂದು ನಂಬರು ಕೊಟ್ಟು ಪುಸ್ತಕ ಜೋಡಿಸುವುದಕ್ಕೆ ಡ್ಯೂಯಿ ಪದ್ಧತಿ ಅಂತಾರೆ, ಅದರಲ್ಲಿ ಅಕೌಂಟಿಂಗ್ ಪುಸ್ತಕಗಳ ನಂಬರು 657. ಅದರ ಮುಂದೆ ಚುಕ್ಕೆ ಇಟ್ಟು ಒಳವಿಭಾಗ ಬರುತ್ತದೆ. 657.42 ಕಾಸ್ಟ್ ಅಕೌಂಟಿಂಗ್. ಅವಳು 657.8 ಅನ್ನು ಮೊದಲಿಟ್ಟು 657.42 ಅನ್ನು ಆಮೇಲೆ ಇಟ್ಟಿದ್ದಳು. ಎಂಟಕ್ಕಿಂತ ನಲವತ್ತೆರಡು ದೊಡ್ಡದು, ಅಲ್ವಾ? ಆದರೆ ಇದು ದಶಾಂಶ. ನಾಲ್ಕರ ಮನೆ ಮುಗಿದ ಮೇಲೆಯೇ ಎಂಟರ ಮನೆ. ಕಾಮರ್ಸ್ ಹುಡುಗಿಗೆ ದಶಾಂಶ ಹೊಸದಲ್ಲ. ಪುಸ್ತಕದ ಬೆನ್ನ ಮೇಲೆ ಕಂಡಾಗ ಮಾತ್ರ ಅದು ದಶಾಂಶ ಅಂತ ಹೊಳೆಯುವುದಿಲ್ಲ. ಮೇಡಂ ಬೈಯಲಿಲ್ಲ. ಒಂದು ರೂಪಾಯಿ, ಎಂಟಾಣೆ, ನಾಲ್ಕಾಣೆ ಅಂತ ರೊಕ್ಕದ ಲೆಕ್ಕದಲ್ಲಿ ತಿಳಿಸಿಕೊಟ್ಟರು. 42 ಪೈಸೆ ಮೊದಲು, 80 ಪೈಸೆ ಆಮೇಲೆ. ಮತ್ತೆ ಅವಳು ತಪ್ಪಲಿಲ್ಲ.

ಇದನ್ನು ಯಾಕೆ ಹೇಳುತ್ತಿದ್ದೇನೆ ಅಂದರೆ, ಮೇಡಂ ಕೆಟ್ಟವರಲ್ಲ. ಈ ಪ್ರಕರಣದಲ್ಲಿ ಕೆಟ್ಟವರು ಯಾರೂ ಇಲ್ಲ. ಅವರು ಹುಡುಗಿಯನ್ನು ತುಂಬ ಹಚ್ಚಿಕೊಂಡರು. ಮಧ್ಯಾಹ್ನ ತಮ್ಮ ಡಬ್ಬಿಯಿಂದ ಒಂದು ರೊಟ್ಟಿ, ಗುರೆಳ್ಳು ಚಟ್ನಿ ತೆಗೆದಿಡುತ್ತಿದ್ದರು. "ಮನಿ ಮಗಳಿದ್ದಂಗ ಅದಾಳ್ರಿ" ಅಂತ ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ಹೇಳುತ್ತಿದ್ದರು. ನಾನೂ ಕೇಳಿ ಖುಷಿ ಪಟ್ಟಿದ್ದೆ. ಮನೆ ಮಗಳಿಗೆ ಯಾರೂ ಪಗಾರ ಕೊಡುವುದಿಲ್ಲ ಅನ್ನುವುದು ಆಗ ತಲೆಗೆ ಬರಲಿಲ್ಲ.

ಧಾರವಾಡದಲ್ಲಿ ಇದು ಹಳೆಯ ರೂಢಿ. ಕರ್ನಾಟಕ ಕಾಲೇಜು ಶುರುವಾದದ್ದು 1917ರಲ್ಲಿ. ಓದಲು ಬಂದ ಬಡ ಹುಡುಗರನ್ನು ಊರೇ ಸಾಕಿತು. ವಾರಾನ್ನ ಅಂತ ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು ಮನೆ. ಮುರುಘಾಮಠದ ಪ್ರಸಾದನಿಲಯದಲ್ಲಿ ಉಂಡು ಓದಿದವರಂತೂ ಲೆಕ್ಕವಿಲ್ಲ. ಅದೆಲ್ಲ ದಾನ, ಉಪಕಾರ. ಉಂಡವರು ನೆನೆಸಿಕೊಂಡರೆ ಸಾಕಿತ್ತು. ಆಚೆ ಮಹಾರಾಷ್ಟ್ರದ ಸಾತಾರಾ ಕಡೆ ದಾರಿ ಸ್ವಲ್ಪ ಬೇರೆ. 1919ರಲ್ಲಿ ರಯತ್ ಶಿಕ್ಷಣ ಸಂಸ್ಥೆ ಕಟ್ಟಿದ ಕರ್ಮವೀರ ಭಾವುರಾವ್ ಪಾಟೀಲರು 'ಕಮವಾ ಆಣಿ ಶಿಕಾ' ಅಂದರು, ಗಳಿಸು ಮತ್ತು ಕಲಿ. ದುಡಿದು ಓದುವ ಹುಡುಗ ಯಾರ ಮುಂದೆಯೂ ತಲೆ ತಗ್ಗಿಸಬೇಕಿಲ್ಲ. ನಾವು ಕ್ಯಾಂಪಸ್ಸಿನಲ್ಲಿ ಕೆಲಸ ಕೊಡುವುದನ್ನೇನೋ ಕಲಿತೆವು. ಕೊಡುವಾಗ ಕೈ ಮಾತ್ರ ಇನ್ನೂ ವಾರಾನ್ನದ ಕೈಯೇ.

ಎರಡು ತಾಸು ಬೆಳೆದದ್ದು

ಆಗಸ್ಟಿನಲ್ಲಿ ಹೆಚ್ಚು ಕಡಿಮೆ ಹೇಳಿದ ಹಾಗೇ ನಡೆಯಿತು. ಸೆಪ್ಟೆಂಬರಿನಲ್ಲಿ ನ್ಯಾಕ್ ಪೀರ್ ಟೀಮ್, ಅಂದರೆ ಕಾಲೇಜಿನ ಗುಣಮಟ್ಟ ಅಳೆಯುವ ತಂಡ, ಬರುವ ಸುದ್ದಿ ಬಂತು. ಕಾಲೇಜಿನಲ್ಲಿ ಕೆಲಸ ಮಾಡಿದವರಿಗೆ ಗೊತ್ತು, ಆ ಸುದ್ದಿ ಬಂದರೆ ಗೋಡೆಗೆ ಸುಣ್ಣ, ಗಿಡಕ್ಕೆ ಬೋರ್ಡು, ಲೈಬ್ರರಿಗೆ ಸ್ಟಾಕ್ ವೆರಿಫಿಕೇಶನ್. ಅಕ್ಸೆಷನ್ ರಿಜಿಸ್ಟರ್, ಅಂದರೆ ಲೈಬ್ರರಿಗೆ ಬಂದ ಪುಸ್ತಕಗಳ ದಾಖಲೆ, ಹಿಡಿದು ಪ್ರತಿ ಪುಸ್ತಕವನ್ನೂ ಕಣ್ಣಾರೆ ನೋಡಬೇಕು, ಬಾರ್‌ಕೋಡ್ ಸ್ಕ್ಯಾನ್ ಮಾಡಬೇಕು, ಬೆನ್ನಿನ ಲೇಬಲ್ ಕಿತ್ತಿದ್ದರೆ ಹೊಸದು ಅಂಟಿಸಬೇಕು. ಧಾರವಾಡದ ಜಿಟಿಜಿಟಿ ಮಳೆಗೆ ಲೇಬಲ್ಲು ನಿಲ್ಲುವುದೂ ಇಲ್ಲ. ಥಂಡಿ ಹಿಡಿದು ಅಂಚು ಎದ್ದಿರುತ್ತದೆ. ಕೈ ತಾಗಿದರೆ ಉದುರುತ್ತದೆ.

ಒಬ್ಬ ಲೈಬ್ರರಿಯನ್, ಒಬ್ಬ ಸಿಪಾಯಿ ಕಾಕಾ, ಒಬ್ಬಳು ವಿದ್ಯಾರ್ಥಿನಿ.

"ಯವ್ವಾ, ಇವತ್ತೊಂದಿನ ಒಂದ್ ತಾಸು ಜಲ್ದಿ ಬಾರವಾ." ಇದು ಸೆಪ್ಟೆಂಬರ್ ಎರಡನೇ ವಾರದ ಮಾತು. ಆ ಒಂದಿನ ವಾರವಾಯಿತು. ಒಂದು ತಾಸು ಜಲ್ದಿ ಅಂದರೆ ಮೂರು ಗಂಟೆ. ಆಮೇಲೆ ಊಟ ಅಲ್ಲೇ ಆಗುತ್ತದಲ್ಲ, ಎದ್ದು ಹೋಗುವುದು ಯಾಕೆ ಅಂತ ಒಂದೂವರೆ. ಎರಡರ ಕ್ಲಾಸು ನನ್ನದು, ಸೋಮವಾರದಿಂದ ಗುರುವಾರ. ಅವಳು ಇಲ್ಲದ್ದನ್ನು ನಾನು ಗಮನಿಸಿದ್ದೆ. ಲೈಬ್ರರಿಯಲ್ಲಿದ್ದಾಳೆ ಬಿಡು ಅಂತ ಸುಮ್ಮನಾದೆ. ಆಬ್ಸೆಂಟ್ ಹಾಕುವುದನ್ನು ಮಾತ್ರ ತಪ್ಪಿಸಲಿಲ್ಲ.

ಅಕ್ಟೋಬರಿನಲ್ಲಿ ದಸರಾ ರಜೆ. ರಜೆಯೇ ಒಳ್ಳೆಯದು, ಹುಡುಗರ ಗದ್ದಲ ಇರುವುದಿಲ್ಲ ಅಂತ ಮೇಡಂ ದಿನವಿಡೀ ವೆರಿಫಿಕೇಶನ್ ಇಟ್ಟುಕೊಂಡರು. ಹುಡುಗಿ ಊರಿಗೆ ಹೋಗಲಿಲ್ಲ. ಸೀಗಿ ಹುಣ್ಣಿಮೆಗೆ ಮನೆಯವರೆಲ್ಲ ಹೊಲಕ್ಕೆ ಬುತ್ತಿ ಹೊತ್ತು ಚರಗ ಚೆಲ್ಲಲು ಹೋದರೆ, ಇವಳು 300ರ ರ‍್ಯಾಕಿನ ಧೂಳು ಹೊಡೆಯುತ್ತಿದ್ದಳು. ಅವ್ವ ಫೋನ್ ಮಾಡಿದಾಗ "ಕಾಲೇಜಿನಾಗ ಅದೀನಿ" ಅಂದಳಂತೆ. ಸುಳ್ಳೇನಲ್ಲ.

ಇದರ ನಡುವೆ ಪಗಾರ? ಆಗಸ್ಟಿನದು ಬಂದಿರಲಿಲ್ಲ. ಸೆಪ್ಟೆಂಬರಿನದೂ ಇಲ್ಲ. ಯಾರೋ ತಡೆ ಹಿಡಿದಿದ್ದರು ಅಂತಲ್ಲ. ತಿಂಗಳ ಕೊನೆಗೆ ಲೈಬ್ರರಿಯಿಂದ ಬಿಲ್ಲು ಹೋಗಬೇಕಿತ್ತು. ಕೆಲಸದ ಗಡಿಬಿಡಿ, ಮೂರೂ ತಿಂಗಳದ್ದು ಒಮ್ಮೆಲೇ ಕಳಿಸಿದರಾಯಿತು ಅಂತ ಮೇಡಂ ಇಟ್ಟುಕೊಂಡಿದ್ದರು. ಆಫೀಸಿಗೆ ಬಿಲ್ಲು ಬರದಿದ್ದರೆ ಅವರೇಕೆ ಕೇಳುತ್ತಾರೆ?

"ನೀನರ ಕೇಳಬಾರದೇನವಾ?" ಅಂದೆ ನಾನು ಆಮೇಲೆ.

"ಅಕ್ಕಾರು ದಿನಾ ಡಬ್ಬ್ಯಾಗಿಂದು ರೊಟ್ಟಿ ಕೊಡ್ತಾರ್ರಿ. ಹೆಂಗ ಕೇಳೂದ್ರಿ ಸರ್?"

ವಹಿ

ಶಾರ್ಟೇಜ್ ಲಿಸ್ಟ್ ನೋಡಿದ ದಿನ ಅವಳನ್ನು ಕರೆಸಿದೆ. ಬಂದು ನಿಂತಳು. ಬೈದೆ ಕೂಡ, ಯಾಕೆ ಸುಳ್ಳು ಹೇಳಲಿ. ಕ್ಲಾಸು ಬಿಡು ಅಂತ ಯಾರು ಹೇಳಿದರು, ಎಷ್ಟು ದಿನ ಹೀಗೆ, ಅಂತೆಲ್ಲ. ಅವಳು ಬ್ಯಾಗಿನಿಂದ ಒಂದು ಪಾಕೆಟ್ ಡೈರಿ ತೆಗೆದು ಟೇಬಲ್ ಮೇಲಿಟ್ಟಳು. ರಸಗೊಬ್ಬರದ ಅಂಗಡಿಯವರು ದೀಪಾವಳಿಗೆ ಹಂಚುತ್ತಾರಲ್ಲ, ಆ ಥರದ್ದು.

ತೆರೆದು ನೋಡಿದರೆ ನನ್ನ ಪಾಠವೇ ಅದರಲ್ಲಿತ್ತು. ಕಾಸ್ಟ್ ಅಕೌಂಟಿಂಗಿನಲ್ಲಿ ಲೇಬರ್ ಕಾಸ್ಟ್ ಅಂತ ಒಂದು ಅಧ್ಯಾಯ. ಟೈಮ್ ಕೀಪಿಂಗ್ ಅಂದರೆ ಕೆಲಸಗಾರ ಗೇಟಿನ ಒಳಗೆ ಯಾವಾಗ ಬಂದ, ಯಾವಾಗ ಹೊರಟ. ಟೈಮ್ ಬುಕಿಂಗ್ ಅಂದರೆ ಆ ಹೊತ್ತಿನಲ್ಲಿ ಯಾವ ಕೆಲಸಕ್ಕೆ ಎಷ್ಟು ತಾಸು ಹೋಯಿತು. ಎರಡೂ ಬೇರೆ ಬೇರೆ, ಎರಡನ್ನೂ ತಾಳೆ ನೋಡಬೇಕು ಅಂತ ಆಗಸ್ಟಿನಲ್ಲಿ ಬೋರ್ಡಿನ ಮೇಲೆ ಟೈಮ್ ಕಾರ್ಡ್ ಗೆರೆ ಎಳೆದು ತೋರಿಸಿದ್ದೆ. ಆ ಗೆರೆಗಳನ್ನೇ ಸ್ಕೇಲ್ ಇಟ್ಟು ಎಳೆದಿದ್ದಳು. ಒಳಗೆ, ಹೊರಗೆ, ಕೆಲಸ, ತಾಸು.

ಒಂದು ಸಾಲು ಹೀಗಿತ್ತು: "22 ಅಕ್ಟೋಬರ್. ಒಳಗೆ 9.40. ಹೊರಗೆ 6.45. ಊಟ ಅರ್ಧ ತಾಸು. 657 ಮುಗೀತು. 3 ಪುಸ್ತಕ ಸಿಗಲಿಲ್ಲ. 8½ ತಾಸು."

ಲೆಕ್ಕ ಹಾಕಿ ನೋಡಿ. ಎಂಟು ತಾಸು ಮೂವತ್ತೈದು ನಿಮಿಷ ಆಗುತ್ತದೆ. ಐದು ನಿಮಿಷ ಬಿಟ್ಟಿದ್ದಾಳೆ. ಎಲ್ಲ ಸಾಲಿನಲ್ಲೂ ಹೀಗೇ, ಚಿಲ್ಲರೆ ನಿಮಿಷಗಳನ್ನು ತನ್ನ ಲೆಕ್ಕದಿಂದಲೇ ಕಳೆದಿದ್ದಳು. ಸಂಜೆ ಕತ್ತಲಾದ ದಿನ ಅಂಚಿನಲ್ಲಿ ಸಣ್ಣದಾಗಿ "ಚಿ" ಅಂತ ಬರೆದಿದ್ದಳು, ಅಂದರೆ ಅವತ್ತು ಚಿಗರಿಗೆ ರೊಕ್ಕ ಕೊಟ್ಟಿದ್ದಾಳೆ. ಅಕ್ಟೋಬರ್ ಒಂದರಲ್ಲೇ 14 "ಚಿ".

ಇಬ್ಬರೂ ಕೂತು ಕೂಡಿಸಿದೆವು. ಆಗಸ್ಟ್ 52 ತಾಸು. ಸೆಪ್ಟೆಂಬರ್ 71. ಅಕ್ಟೋಬರ್ 96½. ಒಟ್ಟು 219½. ಮಂಜೂರಾದದ್ದು ಮೂರು ತಿಂಗಳಿಗೆ 144. ಹೆಚ್ಚುವರಿ 75½ ತಾಸು, ರೊಕ್ಕದಲ್ಲಿ 3,775. ಮಂಜೂರಾದ 7,200 ಅಷ್ಟೇ ಸಿಕ್ಕಿದರೆ ತಾಸಿಗೆ ಬೀಳುವುದು 50 ಅಲ್ಲ, 33ಕ್ಕೂ ಕಡಿಮೆ. ಅದೂ ಬಸ್ಸಿನ ಖರ್ಚು ಕಳೆಯುವ ಮುಂಚೆ.

ತಪ್ಪಿದ 17 ಕ್ಲಾಸುಗಳನ್ನೂ ಡೈರಿಗೆ ತಾಳೆ ನೋಡಿದೆವು. ನಾಲ್ಕು ಅವಳದೇ, ಹೊಲದ ಹೆಸರು ಬಿಡಿಸಲು ಊರಿಗೆ ಹೋಗಿದ್ದ ವಾರದ್ದು. ಉಳಿದ 13 ಲೈಬ್ರರಿಯವು. ಪಾಠದಲ್ಲಿ ಟೈಮ್ ಕಾರ್ಡ್ ಕಲಿಸಿದವನು ನಾನು. ಆ ಕಾರ್ಡು ಕಾಲೇಜಿನಲ್ಲಿ ಯಾರ ಹತ್ತಿರವೂ ಇರಲಿಲ್ಲ, ಅವಳೊಬ್ಬಳ ಹತ್ತಿರ ಬಿಟ್ಟು.

ಎರಡು ಕ್ಲಾಸು ಕಮ್ಮಿ

ರೊಕ್ಕಕ್ಕಿಂತ ಮೊದಲು ಹಾಜರಿಯ ಗಂಟು ಬಿಡಿಸಬೇಕಿತ್ತು. ಪ್ರತಿ ಪೇಪರಿಗೂ ಶೇಕಡಾ 75 ಬೇಕು, ಇಲ್ಲದಿದ್ದರೆ ಹಾಲ್ ಟಿಕೆಟ್ ಇಲ್ಲ. ಸೆಮಿಸ್ಟರಿಗೆ 60 ಕ್ಲಾಸು. ಅಂದರೆ 45 ಬೇಕು. ಆಗಿದ್ದು 31, ಉಳಿದದ್ದು 12. ಒಂದೂ ತಪ್ಪಿಸದೆ ಬಂದರೂ 43. ಎರಡು ಕಮ್ಮಿ.

ಸ್ಟಾಫ್ ರೂಮಿನಲ್ಲಿ ಎಲ್ಲರ ಸಲಹೆ ಒಂದೇ. ಡಾಕ್ಟರ್ ಸರ್ಟಿಫಿಕೇಟ್ ತರಲಿ, ಹತ್ತು ನಿಮಿಷದ ಕೆಲಸ. ಅವಳಿಗೆ ಹೇಳಿದೆ.

"ಜಡ್ಡು ಬಂದಿಲ್ಲಲ್ರಿ ಸರ್. ಇಲ್ಲದ ಜಡ್ಡು ಯಾಕ ಬರಸೂದ್ರಿ? ನಾ ಎಲ್ಲಿದ್ದೆ ಅಂತ ಎಲ್ಲಾರಿಗೂ ಗೊತ್ತೈತಿ."

ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಲೈಬ್ರರಿಯಲ್ಲಿ ಇದ್ದದ್ದನ್ನೇ ಹಾಜರಿ ಅಂತ ಹಿಡಿಯಬಹುದಾ ಅಂತ ಕೇಳಿದೆ. ಪ್ರಿನ್ಸಿಪಾಲರು ಆಗುವುದಿಲ್ಲ ಅಂದರು, ಅದು ಸರಿಯೇ. ಕೆಲಸ ಕೆಲಸ, ಕ್ಲಾಸು ಕ್ಲಾಸು.

ಹಾಗಾದರೆ ಕ್ಲಾಸುಗಳನ್ನೇ ಹೆಚ್ಚಿಸಬೇಕು. ಎಂಟು ಎಕ್ಸ್‌ಟ್ರಾ ಕ್ಲಾಸು ತೆಗೆದುಕೊಂಡರೆ ಒಟ್ಟು 68. ಅವಳು ಉಳಿದ ಇಪ್ಪತ್ತಕ್ಕೂ ಬಂದರೆ 51. ಸರಿಯಾಗಿ 75. ಒಂದು ಕ್ಲಾಸು ಹೆಚ್ಚಿಲ್ಲ, ಒಂದು ಕಮ್ಮಿಯಿಲ್ಲ. ಪ್ರೋಸೆಸ್ ಕಾಸ್ಟಿಂಗ್ ಅನ್ನುವ ಅಧ್ಯಾಯ ಹೇಗೂ ಅರ್ಧ ಉಳಿದಿತ್ತು, ನೆಪವೇನೂ ಅಲ್ಲ. ಬೆಳಗ್ಗೆ ಎಂಟಕ್ಕೆ ಇಟ್ಟೆ. ಪ್ರಿನ್ಸಿಪಾಲರು ಸಹಿ ಹಾಕಿದರು. ಕ್ಲಾಸಿನ ಉಳಿದವರು ಗೊಣಗಿದರು, ಅದರಲ್ಲೂ 76ರ ಆಸುಪಾಸಿನಲ್ಲಿದ್ದ ಹುಡುಗರು. ಎಕ್ಸ್‌ಟ್ರಾ ಕ್ಲಾಸಿಗೆ ಅವರು ಬರದಿದ್ದರೆ ಅವರ ಶೇಕಡಾ ಕೆಳಗಿಳಿಯುತ್ತದೆ. ಒಬ್ಬಳ ಸಲುವಾಗಿ ಐವತ್ತು ಜನ ಬೆಳಗ್ಗೆ ಎದ್ದು ಬರಬೇಕಾ ಅಂತ ಒಬ್ಬ ಕೇಳಿಯೇ ಬಿಟ್ಟ. ನ್ಯಾಯವಾದ ಪ್ರಶ್ನೆ. ಪ್ರೋಸೆಸ್ ಕಾಸ್ಟಿಂಗ್ ನಿಮಗೆಲ್ಲರಿಗೂ ಪರೀಕ್ಷೆಗೆ ಬರುತ್ತದೆ ಅಂತ ಹೇಳಿ ಜಾರಿಕೊಂಡೆ.

ನಾನು ಅತಿಥಿ ಉಪನ್ಯಾಸಕ. ಹತ್ತು ವರ್ಷದಿಂದ ಇದೇ ಮನೆಯಲ್ಲಿರುವ ಅತಿಥಿ. ವಾರಕ್ಕೆ ಇಷ್ಟೇ ತಾಸು ಅಂತ ನಮ್ಮದೂ ಲೆಕ್ಕ ಇದೆ, ಅದಕ್ಕಿಂತ ಹೆಚ್ಚು ಮಾಡಿದರೆ ಬಿಲ್ಲಿನಲ್ಲಿ ಬರುವುದಿಲ್ಲ. ಆ ಎಂಟು ತಾಸು ಎಲ್ಲಿಯೂ ಬರೆದಿಲ್ಲ.

ಅವಳು ಇಪ್ಪತ್ತಕ್ಕೆ ಇಪ್ಪತ್ತೂ ಬಂದಳು. ಒಂದು ದಿನ ಮಾತ್ರ ಎಂಟೂ ಇಪ್ಪತ್ತಕ್ಕೆ ಓಡಿ ಬಂದಳು, ಕೈ ಮೇಲೆ ಇನ್ನೂ ಜೋಳದ ಹಿಟ್ಟಿತ್ತು. ಹಾಜರಿ ಹಾಕಿದೆ. ಬೇರೆಯವರಿಗೆ ಹತ್ತು ನಿಮಿಷದ ಮೇಲೆ ಹಾಕುವುದಿಲ್ಲ.

ರೊಕ್ಕದ ಮಾತು

ಪ್ರಿನ್ಸಿಪಾಲರ ಚೇಂಬರಿನಲ್ಲಿ ನಾವು ಐವರು ಕೂತೆವು. ಆಫೀಸ್ ಸೂಪರಿಂಟೆಂಡೆಂಟರು ಫೈಲ್ ತೆರೆದರು.

"ನೋಡ್ರಿ ಸರ್, ಮಂಜೂರಾಗಿದ್ದು ತಿಂಗಳಿಗೆ ನಲವತ್ತೆಂಟು ತಾಸು. ಹೆಚ್ಚಿಗಿ ಮಾಡು ಅಂತ ಆಫೀಸಿನಾಗಿಂದ ಯಾರೂ ಹೇಳಿಲ್ಲ. ಸೇವಾ ಮಾಡ್ಯಾಳ ಅಂತ ತಿಳ್ಕೊಳ್ರಿ."

ಮೇಡಂ ಮುಖ ಕೆಂಪಾಯಿತು. ತಾವು ಹೇಳಿದ್ದು ಹೌದು ಅಂತ ಅವರೇ ಒಪ್ಪಿಕೊಂಡರು. ಇದು ಚಿಕ್ಕ ಮಾತಲ್ಲ. ಅವರು ಸುಮ್ಮನಿದ್ದಿದ್ದರೆ ಪ್ರಕರಣ ಅಲ್ಲೇ ಮುಗಿಯುತ್ತಿತ್ತು. "ಆದ್ರ ಇಷ್ಟು ತಾಸು ಆಗಿರ್ತಾವ ಅಂತ ನನಗ ಅನಸೂದಿಲ್ಲ" ಅಂತಲೂ ಅಂದರು. ಅದೂ ಸುಳ್ಳಲ್ಲ. ಕೆಲಸ ಮಾಡಿಸುವವರಿಗೆ ತಾಸು ಯಾವಾಗಲೂ ಸಣ್ಣದು.

ಡೈರಿಯನ್ನು ನಂಬುವುದು ಹೇಗೆ ಅನ್ನುವ ಪ್ರಶ್ನೆ ಬಂತು. ಅವಳೇ ಬರೆದದ್ದು, ಯಾರ ಸಹಿಯೂ ಇಲ್ಲ. ಲೈಬ್ರರಿಯ ಬಾಗಿಲಲ್ಲಿ ಒಂದು ರಿಜಿಸ್ಟರ್ ಇರುತ್ತದಲ್ಲ, ಬಂದವರು ಹೆಸರು, ಟೈಮ್ ಬರೆಯುವುದು. ಅದರಲ್ಲಿ ಬಹಳ ದಿನ ಅವಳ ಹೆಸರೇ ಇರಲಿಲ್ಲ, ಮನೆ ಮಗಳು ರಿಜಿಸ್ಟರಿಗೆ ಯಾಕೆ ಸಹಿ ಮಾಡಬೇಕು? ಆಗ ಸಿಪಾಯಿ ಕಾಕಾ ಬಾಗಿಲ ಹತ್ತಿರ ನಿಂತೇ ಹೇಳಿದರು: "ಕಂಪ್ಯೂಟರಿನಾಗ ಇರ್ತೈತಲ್ರಿ." ಹೌದು. ವೆರಿಫಿಕೇಶನ್ನಿಗೆ ಸ್ಕ್ಯಾನ್ ಮಾಡಿದ ಪ್ರತಿ ಪುಸ್ತಕದ ಜೊತೆ ದಿನ, ಗಂಟೆ, ನಿಮಿಷ ದಾಖಲಾಗಿತ್ತು. ತೆಗೆಸಿ ನೋಡಿದರು. ಅಕ್ಟೋಬರ್ 22ರ ಕೊನೆಯ ಸ್ಕ್ಯಾನ್ 6.41. ಡೈರಿಯಲ್ಲಿ ಹೊರಗೆ 6.45. ಇನ್ನೂ ನಾಲ್ಕು ದಿನ ಅಲ್ಲಲ್ಲಿ ತೆಗೆದು ನೋಡಿದರು. ಎಲ್ಲ ತಾಳೆಯಾಯಿತು. ಸೂಪರಿಂಟೆಂಡೆಂಟರು ಕನ್ನಡಕ ತೆಗೆದು ಒರೆಸಿಕೊಂಡರು, ಏನೂ ಅನ್ನಲಿಲ್ಲ.

ತೀರ್ಮಾನ ಹೀಗಾಯಿತು. 7,200 ಕೂಡಲೇ ಕೊಡುವುದು. ಅಕ್ಟೋಬರ್ ರಜೆಯಲ್ಲಿ ಮಾಡಿದ 40 ತಾಸನ್ನು ನ್ಯಾಕ್ ತಯಾರಿಯ ಖರ್ಚಿನಲ್ಲಿ ಗೌರವಧನ ಅಂತ ತೋರಿಸಿ 2,000. ಉಳಿದ 35½ ತಾಸಿಗೆ ಖರ್ಚು ತೋರಿಸಲು ಯಾವ ಹೆಡ್ಡೂ ಸಿಗಲಿಲ್ಲ. ಆ 1,775 ರೂಪಾಯಿ ಮುಂದೆ ನೋಡೋಣ ಅಂತ ಬಿಟ್ಟರು. ಇವತ್ತಿಗೂ ಬಂದಿಲ್ಲ.

ವೋಚರಿಗೆ ರೆವಿನ್ಯೂ ಸ್ಟ್ಯಾಂಪ್ ತರಲು ಕಾಲೇಜ್ ಆಫೀಸಿನವರು ಅವಳನ್ನು ಪೋಸ್ಟ್ ಆಫೀಸಿಗೆ ಕಳಿಸಿದ್ದರು, 2,400ರ ಮೂರು ವೋಚರಿಗೆ ಮೂರು ಸ್ಟ್ಯಾಂಪು. ಐದು ಸಾವಿರ ದಾಟಿದ ರಸೀದಿಗೆ ಮಾತ್ರ ಸ್ಟ್ಯಾಂಪ್ ಬೇಕು, 2004ರಿಂದಲೇ ಹೀಗಿದೆ. ಹೇಳಿದೆ. "ಹಚ್ಚಿದ್ರ ಏನ್ ಲುಕ್ಸಾನ್ರಿ" ಅಂದರು. ಮೂರು ರೂಪಾಯಿಗೆ ಜಗಳ ಬೇಡ ಅಂತ ಹುಡುಗಿಯೇ ಹಚ್ಚಿದಳು.

ಈ ಓಡಾಟದಲ್ಲಿ ಇನ್ನೊಂದು ಸಂಗತಿ ಹೊರಬಿತ್ತು. ಕಾಲೇಜಿನವರು ಬ್ಯಾಂಕ್ ಪಾಸ್‌ಬುಕ್ ಕೇಳಿದಾಗ, ಆಧಾರ್ ಯಾವ ಖಾತೆಗೆ ಜೋಡಿಸಿದೆ ಅಂತ ನೋಡಿದಳು. ಸ್ಕೂಲಿನಲ್ಲಿದ್ದಾಗ ಊರಲ್ಲಿ ತೆರೆದ ಹಳೆಯ ಖಾತೆ. ಸರ್ಕಾರದಿಂದ ನೇರವಾಗಿ ಬರುವ ರೊಕ್ಕ ನೀವು ಅರ್ಜಿಯ ಜೊತೆ ಕೊಟ್ಟ ಪಾಸ್‌ಬುಕ್ ನೋಡಿ ಬರುವುದಿಲ್ಲ, ಆಧಾರ್ ಕೊನೆಗೆ ಯಾವ ಖಾತೆಗೆ ಜೋಡಣೆಯಾಗಿದೆಯೋ ಅಲ್ಲಿಗೆ ಹೋಗುತ್ತದೆ. ಅಪ್ಪ ಆ ಬ್ಯಾಂಕಿಗೆ ಹೋಗಿ ಪಾಸ್‌ಬುಕ್ ಎಂಟ್ರಿ ಮಾಡಿಸಿದರು. ರೈತ ವಿದ್ಯಾನಿಧಿಯ 5,500 ಅಲ್ಲಿ ಬಂದು ಕೂತಿತ್ತು. 2021ರಲ್ಲಿ ಶುರುವಾದ ಯೋಜನೆ ಅದು, ರೈತರ ಮಕ್ಕಳಿಗೆ. ಬಿ.ಎ., ಬಿ.ಕಾಂ. ಓದುವ ಹುಡುಗರಿಗೆ 5,000, ಹುಡುಗಿಯರಿಗೆ 5,500 ಇತ್ತು. ಬಂದಿಲ್ಲ, ಬಂದಿಲ್ಲ ಅಂತ ಇವಳು ವರ್ಷದಿಂದ ಕಾಯುತ್ತಿದ್ದಳು. ಅದು ಸರಿಯಾದ ಹೊತ್ತಿಗೆ ಕೈಗೆ ಸಿಕ್ಕಿದ್ದರೆ ಸೆಪ್ಟೆಂಬರಿನಲ್ಲಿ "ಅಕ್ಕಾರ, ಕ್ಲಾಸ್ ಐತ್ರಿ" ಅನ್ನುವ ಧೈರ್ಯ ಬರುತ್ತಿತ್ತೋ ಏನೋ. ಕೆಲಸ ಹುಡುಕುವ ಹುಡುಗರಿಗೆ ಈಗ ನಾನು ಮೊದಲು ಹೇಳುವುದು ಇದನ್ನೇ: ಹಳೆ ಪಾಸ್‌ಬುಕ್ ಎಂಟ್ರಿ ಮಾಡಿಸಿಕೊಂಡು ಬಾ, ಆಮೇಲೆ ಕೆಲಸದ ಮಾತು.

ಆಮೇಲೆ

ಲೈಬ್ರರಿ ಕೌಂಟರಿನ ಪಕ್ಕದ ಗೋಡೆಗೆ ಒಂದು ಹಾಳೆ ಅಂಟಿತು. ದಿನಾಂಕ, ಒಳಗೆ, ಹೊರಗೆ, ಕೆಲಸ, ವಿದ್ಯಾರ್ಥಿಯ ಸಹಿ, ಲೈಬ್ರರಿಯನ್ ಸಹಿ. ಕಾಲಂಗಳನ್ನು ಹುಡುಗಿಯೇ ಎಳೆದಳು. ಕೆಳಗೆ ಅವಳ ಕ್ಲಾಸಿನ ಟೈಮ್‌ಟೇಬಲ್ಲು. ಕ್ಲಾಸಿನ ಹೊತ್ತಿನಲ್ಲಿ ಕೆಲಸವಿಲ್ಲ, ಬಿಲ್ಲು ತಿಂಗಳ ಐದರೊಳಗೆ ಅಂತ ಪ್ರಿನ್ಸಿಪಾಲರು ಕೈಯಿಂದಲೇ ಬರೆದು ಸಹಿ ಹಾಕಿದರು. ಆದೇಶದ ಕಾಪಿ ಅವಳ ಕೈಗೂ ಬಂತು.

ಮೇಡಂ ಒಂದು ಹತ್ತು ದಿನ ಅವಳ ಜೊತೆ ಕೆಲಸದ ಮಾತು ಬಿಟ್ಟು ಬೇರೆ ಆಡಲಿಲ್ಲ. ರೊಟ್ಟಿಯೂ ಬಂದ್. ಅವಳಿಗೆ 35½ ತಾಸಿನ ರೊಕ್ಕ ಹೋದದ್ದಕ್ಕಿಂತ ಇದು ಜಾಸ್ತಿ ನೋವಾಯಿತು. ನನ್ನ ಎದುರಿಗೇ ಅತ್ತಳು. ಸಂಕ್ರಾಂತಿಯ ದಿನ ಮೇಡಂ ಕುಸುರೆಳ್ಳು ಕೊಟ್ಟು ಮಾತಾಡಿಸಿದರಂತೆ. ಆಮೇಲೆ ಡಬ್ಬಿಯೂ ತೆರೆಯಿತು. ಈ ಸಲ ಅವಳೂ ಚಿಗವ್ವನ ಮನೆಯ ರೊಟ್ಟಿ ಒಯ್ಯುತ್ತಿದ್ದಳು.

ಪರೀಕ್ಷೆಯಲ್ಲಿ ಕಾಸ್ಟ್ ಅಕೌಂಟಿಂಗಿಗೆ 58 ಬಂತು. ಇನ್‌ಕಮ್ ಟ್ಯಾಕ್ಸ್ ಹೋಯಿತು, ಮುಂದಿನ ಸಲ ಕಟ್ಟಿ ಪಾಸಾದಳು. ಆರನೇ ಸೆಮಿಸ್ಟರಿನಲ್ಲಿ ಶನಿವಾರ ಬಿಟ್ಟು ವಾರಕ್ಕೆ ಐದೇ ದಿನ ಕೆಲಸ ಮಾಡಿದಳು. ಪಗಾರ ಎರಡು ತಿಂಗಳು ಐದರೊಳಗೆ ಬಂತು, ಮೂರನೇ ತಿಂಗಳು ಇಪ್ಪತ್ತಕ್ಕೆ. ಒಂದು ಸಲ ಕಾರಿಡಾರಿನಲ್ಲಿ ನಿಲ್ಲಿಸಿ ಕೇಳಿದಳು, "ಸರ್ರ, ನಿಮ್ಮ ಎಂಟು ತಾಸಿನ ಬಿಲ್ ಹಾಕಿದ್ರ್ಯಾ?" ನಕ್ಕು ಮುಂದೆ ಹೋದೆ.

ಅವಳು ಹೋದ ಮೇಲೆ ಈ ವರ್ಷ ನವಲಗುಂದ ಕಡೆಯ ಒಬ್ಬ ಹುಡುಗ ಆ ಕೆಲಸಕ್ಕೆ ಸೇರಿದ್ದಾನೆ. ಎರಡು ಹುದ್ದೆ ಇನ್ನೂ ಖಾಲಿಯೇ. ಗೋಡೆಯ ಹಾಳೆ ಇದೆ. ಮೊನ್ನೆ ಪುಸ್ತಕ ವಾಪಸ್ ಕೊಡಲು ಹೋದಾಗ ಸುಮ್ನೆ ಕಣ್ಣಾಡಿಸಿದೆ. ಒಳಗೆ 4.00, ಹೊರಗೆ 6.00. ಮರುದಿನ 4.00, 6.00. ತಿಂಗಳಿಡೀ ಅದೇ, ಒಂದೇ ನೀಲಿ ಪೆನ್ನು, ಒಂದೇ ಕೂತಲ್ಲಿ ಬರೆದ ಅಕ್ಷರ. ಹೀಗೆ ಎಲ್ಲ ಸಾಲೂ ಒಂದೇ ಥರ ಇರುವ ಟೈಮ್ ಕಾರ್ಡನ್ನು ನಂಬಬೇಡಿ ಅಂತ ನಾನೇ ಕ್ಲಾಸಿನಲ್ಲಿ ಹೇಳುವುದುಂಟು.

ಅವತ್ತು ಬೇಕಂತಲೇ ತಡ ಮಾಡಿ, ಆರೂವರೆಗೆ ಆ ಕಡೆ ಹೋದೆ. ಲೈಬ್ರರಿಯ ದೀಪ ಉರಿಯುತ್ತಿತ್ತು. ಹುಡುಗ ಏಣಿಯ ಮೇಲಿದ್ದ, ಕೈಯಲ್ಲಿ ಐದಾರು ಪುಸ್ತಕ.

"ಬಸ್ ಎಷ್ಟಕ್ಕೈತಪಾ?" ಅಂದೆ.

"ಹೋಗೂದು ಐತ್ರಿ ಸರ್, ಇದೊಂದ್ ಸಾಲ್ ಆತಂದ್ರ."